ಮುಖ ಪಡುವಣಕ್ಕೆ, ಪಯಣ ಮೂಡಣಕ್ಕೆ

ಆಷಾಢ ಹತ್ತಿರ ಬಂದಂತೆ ಪುಣೆಯ ಸುತ್ತ ಎರಡು ಯಾತ್ರೆಗಳು ಹೊರಡುತ್ತವೆ. ಒಂದು ಎಲ್ಲರ ಕಣ್ಣಿಗೂ ಬೀಳುವಂಥದು. ಇಂದ್ರಾಯಣಿಯ ದಡದ ದೇಹೂವಿನಿಂದ ತುಕಾರಾಮರ ಪಾದುಕೆ, ಅದೇ ಹೊಳೆಯ ಕೆಳಗಿನ ಆಳಂದಿಯಿಂದ ಜ್ಞಾನೇಶ್ವರರ ಪಾದುಕೆ ಪಲ್ಲಕ್ಕಿ ಏರುತ್ತವೆ. ತಾಳ, ಪಖವಾಜು, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು, ಮಳೆಗೆ ಪ್ಲಾಸ್ಟಿಕ್ ಹಾಳೆ ಹೊದ್ದ ಗಂಡಸರು. ಲಕ್ಷಗಟ್ಟಲೆ ವಾರಕರಿಗಳು ಸುಮಾರು ಮೂರು ವಾರ ನಡೆದು ಪಂಢರಪುರ ಮುಟ್ಟುತ್ತಾರೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ದಿಂಡಿಗಳೂ ಅಲ್ಲಿಗೇ ಬಂದು ಸೇರುತ್ತವೆ. ಜ್ಞಾನೇಶ್ವರರೇ ‘ಕಾನಡಾ’ ಎಂದು ಕರೆದ ವಿಠ್ಠಲನಲ್ಲವೇ ಅವನು! ‘ವಾರಿ’ ಎನ್ನುವ ಈ ಯಾತ್ರೆ ಹೆಚ್ಚುಕಡಿಮೆ ನೀರು ಸಾಗುವ ದಿಕ್ಕಿಗೇ ಸಾಗುತ್ತದೆ. ಇಂದ್ರಾಯಣಿ ತುಳಾಪುರದಲ್ಲಿ ಭೀಮೆಯನ್ನು ಕೂಡುತ್ತದೆ, ಭೀಮೆ ಪಂಢರಪುರದಲ್ಲಿ ಬಾಗಿ ಚಂದ್ರಭಾಗೆ ಎನಿಸಿಕೊಳ್ಳುತ್ತದೆ.

ಇನ್ನೊಂದು ಯಾತ್ರೆ ನೀರಿನೊಳಗಿನದು, ದಿಕ್ಕು ತದ್ವಿರುದ್ಧ. ಘಟ್ಟದ ಮೇಲೆ ಬಿದ್ದ ಮಳೆಯ ಕೆಂಪು ನೀರು ಕೆಳಗೆ ಇಳಿಯುತ್ತಿದ್ದಂತೆ ಮೀನುಗಳು ಅದಕ್ಕೆ ಎದುರಾಗಿ ಮೇಲೆ ಹೊರಡುತ್ತವೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಮುಂಗಾರಿನ ಮೊದಲ ಜಡಿಮಳೆಯ ರಾತ್ರಿ ‘ಮೀನು ಹತ್ತಿವೆಯಂತೆ’ ಎಂಬ ಸುದ್ದಿ ಕೇಳಿದರೆ ಸಾಕು, ಗದ್ದೆಯಂಚಿನ ಹಳ್ಳಕ್ಕೆ ಕೂಣಿ ಒಡ್ಡಲು ಬ್ಯಾಟರಿ ಹಿಡಿದು ಹೊರಡುವವರು ಇಂದಿಗೂ ಇದ್ದಾರೆ. ಬಯಲುಸೀಮೆಯವರು ಕೆರೆ ಕೋಡಿ ಬಿದ್ದಾಗ ಇದನ್ನೇ ಕಂಡಿದ್ದಾರೆ: ಕಲ್ಲಿನ ಮೇಲಿಂದ ಧುಮುಕುವ ನೀರಿಗೆ ಮೀನು ಮತ್ತೆ ಮತ್ತೆ ಎಗರುತ್ತದೆ, ಬೀಳುತ್ತದೆ, ಮತ್ತೆ ಎಗರುತ್ತದೆ.

ಪುಣೆಯ ಹೊಳೆಗಳಲ್ಲಿ ಈ ಯಾತ್ರೆಯ ಹಿರಿಯ ಮಹಶೀರ್. ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ 1824ರಿಂದ ಬೊಂಬಾಯಿ ಸರ್ಕಾರಕ್ಕಾಗಿ ದಖ್ಖನ್ ತಿರುಗಿ ಹೊಲ, ಜನ, ಮಳೆ, ಹಕ್ಕಿ ಎಲ್ಲದರ ಲೆಕ್ಕ ಬರೆದವನು. ಪುಣೆಯ ಪೂರ್ವಕ್ಕೆ ಮುಳಾ-ಮುಠಾ ಹೊಳೆಯಲ್ಲಿ ಸಿಕ್ಕ ದೊಡ್ಡ ಹುರುಪೆಯ ಮೀನೊಂದನ್ನು ಅವನು 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿ ‘ಖುದ್ರೀ’ ಎಂದು ಹೆಸರಿಟ್ಟ. ಇಂದು ಅದು ಟಾರ್ ಖುದ್ರೀ, ದಖ್ಖನ್ ಮಹಶೀರ್. ಮೀನು ಎಣಿಸಿದ ಇದೇ ಸೈಕ್ಸ್ 1841ರಲ್ಲಿ ಚೀನೀ ಯಾತ್ರಿಕ ಫಾಹಿಯಾನನ ಬರಹವನ್ನು ಆಧರಿಸಿ ಪ್ರಾಚೀನ ಭಾರತದ ಬೌದ್ಧಧರ್ಮದ ಬಗ್ಗೆ ದೀರ್ಘ ಪ್ರಬಂಧವನ್ನೂ ಬರೆದ. ಹೊಳೆಯ ಮೀನೂ ಬುದ್ಧನೂ ಒಂದೇ ಮೇಜಿನ ಮೇಲೆ ಇದ್ದದ್ದು ಆಕಸ್ಮಿಕವಿರಬಹುದು. ಆದರೆ ಮೀನು ಎತ್ತುವ ಪ್ರಶ್ನೆ ಬುದ್ಧನದೂ ಹೌದು: ಹರಿವಿಗೆ ಎದುರಾಗಿ ಹೋಗುವುದು ಎಂದರೇನು? ಅಲ್ಲಿ ಹೋಗುತ್ತಿರುವವರು ಯಾರು?

ಈ ಪ್ರಶ್ನೆಗೆ ಕೋಡಿ ಹಾರುವ ದೊಡ್ಡ ಮೀನಿಗಿಂತ ಬೆರಳುದ್ದದ ಮರಿ ಒಳ್ಳೆಯ ಸಾಕ್ಷಿ. ದೊಡ್ಡ ಮೀನಿಗೆ ತೋಳ್ಬಲವಿದೆ, ದಾರಿಯ ನೆನಪಿದೆ. ಮರಿಗೆ ಎರಡೂ ಇಲ್ಲ. ಮಹಶೀರ್ ಮೇಲಿನ ತೊರೆಗಳ ಗರಸಿನಲ್ಲಿ ಹಳದಿ ಮೊಟ್ಟೆ ಇಡುತ್ತದೆ. ಮೂರು-ನಾಲ್ಕು ದಿನಕ್ಕೆ ಹೊರಬಂದ ಮರಿ ಹೊಟ್ಟೆಯಡಿಯ ಹಳದಿಲೋಳೆಯ ಚೀಲ ಕರಗುವ ತನಕ ಬೆಳಕಿಗೆ ಹೆದರಿ ಕಲ್ಲುಸಂದಿಯಲ್ಲಿ ತಲೆ ತೂರಿಸಿಕೊಂಡಿರುತ್ತದೆ. ಆಮೇಲೆ ದಡದ ಆಳವಿಲ್ಲದ ನೀರಿಗೆ ಬರುತ್ತದೆ. ಮಳೆ ಇಳಿದಂತೆ, ಹೊಳೆ ತಣ್ಣಗಾದಂತೆ, ಸ್ವಲ್ಪಸ್ವಲ್ಪವೇ ಕೆಳಗೆ ಸರಿಯುತ್ತದೆ. ಒಂದು ಸಣ್ಣ ಲೆಕ್ಕ ಹಾಕಬಹುದು. ಮೂರು ಸೆಂಟಿಮೀಟರಿನ ಮರಿ ದಣಿಯದೆ ಸೆಕೆಂಡಿಗೆ ತನ್ನ ಮೈಯುದ್ದದ ಐದು ಪಟ್ಟು ಈಜಿತು ಎಂದುಕೊಳ್ಳೋಣ. ಅದು 15 ಸೆಂಟಿಮೀಟರ್. ಮಳೆಗಾಲದ ಹೊಳೆಯ ನಡುನೀರು ಸೆಕೆಂಡಿಗೆ ಒಂದೂವರೆ ಮೀಟರ್ ಓಡಿದರೆ, ಅದು ಮರಿಯ ವೇಗದ ಹತ್ತು ಪಟ್ಟು. ಇಂಥ ನೀರಿನಲ್ಲಿ ‘ಎದುರು ಈಜು’ ಎಂಬ ಮಾತಿಗೆ ಏನರ್ಥ?

ಆದರೂ ಅದು ಎದುರಾಗುತ್ತದೆ. ದುಂಡನೆಯ ತೊಟ್ಟಿಯಲ್ಲಿ ನೂರಾರು ಮರಿ ಬಿಟ್ಟು ನೋಡಿದರೆ ಇದು ತಿಳಿಯುತ್ತದೆ. ನೀರು ನಿಂತಿರುವಾಗ ಒಂದೊಂದರ ಮೂತಿ ಒಂದೊಂದು ಕಡೆ. ಸಂತೆಯಲ್ಲಿ ಕೈಬಿಟ್ಟ ಮಕ್ಕಳ ಹಾಗೆ. ಅಂಚಿಗೆ ಒರೆಸಿದಂತೆ ಪೈಪಿನಿಂದ ನೀರು ಬಿಟ್ಟೊಡನೆ ತೊಟ್ಟಿಯ ನೀರು ನಿಧಾನ ತಿರುಗತೊಡಗುತ್ತದೆ. ಕೆಲವೇ ಕ್ಷಣ. ಯಾರೋ ಕೂಗಿ ಹೇಳಿದಂತೆ ಎಲ್ಲ ಮೂತಿಗಳೂ ಬರುವ ನೀರಿನ ಕಡೆಗೆ ತಿರುಗುತ್ತವೆ, ಬಾಲಗಳು ಒಂದೇ ಲಯದಲ್ಲಿ ಬಡಿಯತೊಡಗುತ್ತವೆ. ಮರಿಗಳು ಮುಂದೆಯೂ ಹೋಗುವುದಿಲ್ಲ, ಹಿಂದೆಯೂ ಸರಿಯುವುದಿಲ್ಲ, ಇದ್ದಲ್ಲೇ ಈಜುತ್ತವೆ. ವಿಜ್ಞಾನ ಇದಕ್ಕೆ ರಿಯೊಟ್ಯಾಕ್ಸಿಸ್ ಎನ್ನುತ್ತದೆ, ಹರಿವಿಗೆ ಮುಖ ಕೊಡುವ ಗುಣ.

ಹರಿವು ಇದೆ ಎಂದು ಮರಿಗೆ ಗೊತ್ತಾಗುವುದಾದರೂ ಹೇಗೆ? ಪ್ರಶ್ನೆ ಕಾಣುವಷ್ಟು ಸರಳವಲ್ಲ. ಹರಿಗೋಲಿನಲ್ಲಿ ಕಣ್ಣುಮುಚ್ಚಿ ಕೂತವನಿಗೆ ಹೊಳೆ ನಿಂತಂತೆಯೇ ಇರುತ್ತದೆ. ದಡದ ಮರ ಹಿಂದೆ ಸರಿದಾಗಲೇ ತಾನು ಸಾಗುತ್ತಿರುವುದು ತಿಳಿಯುವುದು. ನೀರಿನ ಜೊತೆಗೇ ಸಾಗುವ ಮೀನಿಗೂ ಅದೇ ಗತಿ. 1904ರಲ್ಲಿ ಲಯನ್ ಎಂಬ ಅಮೆರಿಕನ್ ವಿಜ್ಞಾನಿ ಮೀನುಗಳನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ಬಿರಡೆ ಬಿಗಿದು, ಹರಿವಿನಲ್ಲಿ ತೇಲಿಬಿಟ್ಟ. ಬಾಟಲಿಯ ಒಳಗೆ ಹರಿವೇ ಇಲ್ಲ. ಆದರೂ ಹೊರಗೆ ಸರಿಯುವ ನೆಲವನ್ನು ಕಂಡ ಮೀನುಗಳು ಮೇಲ್ಹರಿವಿನ ಕಡೆಗೆ ಮುಖ ಮಾಡಿದವು. ಮೀನು ಹರಿವನ್ನು ಅರಿಯುವುದು ದಡದಿಂದ ಎಂದಾಯಿತು.

ಇದನ್ನು ಕೇಳಿದರೆ ಅದ್ವೈತಿಯೊಬ್ಬ ಮುಗುಳ್ನಗಬಹುದು. ಬದಲಾಗುವುದನ್ನು ಅರಿಯಲು ಬದಲಾಗದ್ದು ಒಂದು ಬೇಕು ಎಂಬುದು ಅವನ ಹಳೆಯ ವಾದ. ಎಲ್ಲವೂ ಕ್ಷಣಕ್ಷಣಕ್ಕೂ ಅಳಿದು ಹುಟ್ಟುವ ಪ್ರವಾಹವೇ, ನೋಡುವವನೂ ಅದರೊಳಗಿನ ಒಂದು ಅಲೆಯೇ ಎಂದ ಬೌದ್ಧರಿಗೆ ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಕೊಟ್ಟ ಉತ್ತರ ನೆನಪಿನ ಆಧಾರದ್ದು: ನಿನ್ನೆ ಕಂಡವನೂ ಇಂದು ನೆನೆಯುವವನೂ ಬೇರೆಬೇರೆಯಾದರೆ ನೆನಪೇ ಸಾಧ್ಯವಿಲ್ಲ. ಹರಿವಿಗೆ ದಡ ಬೇಕು. ಆ ದಡವೇ ಸಾಕ್ಷಿ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೀನಿನ ಎರಡೂ ಪಕ್ಕೆಗಳಲ್ಲಿ ತಲೆಯಿಂದ ಬಾಲದವರೆಗೆ ಸಣ್ಣ ಚುಕ್ಕೆಗಳ ಸಾಲಿದೆ. ಇದು ಪಾರ್ಶ್ವರೇಖೆ. ಚುಕ್ಕೆಯೊಳಗೆ ಕೂದಲಿನಂಥ ಎಳೆಗಳನ್ನುಳ್ಳ ಜೀವಕೋಶಗಳು ನೀರಿನ ಒಂದೊಂದು ತಳ್ಳುವಿಕೆಯನ್ನೂ ಮಿದುಳಿಗೆ ತಲುಪಿಸುತ್ತವೆ. ಈ ಸ್ಪರ್ಶವೂ ಮೀನನ್ನು ಹರಿವಿಗೆ ತಿರುಗಿಸುತ್ತದೆ ಎಂಬುದು 1997ರಲ್ಲಿ ಖಚಿತವಾಯಿತು. 2017ರಲ್ಲಿ ಹಾರ್ವರ್ಡಿನ ತಂಡವೊಂದು ಜೀಬ್ರಾ ಮೀನಿನ ಮರಿಗಳನ್ನು ಕತ್ತಲೆಯಲ್ಲಿ ಕೊಳವೆಯೊಳಗೆ ಈಜಲು ಬಿಟ್ಟಿತು. ಜೀಬ್ರಾ ಮೀನು ನಮ್ಮ ನಾಡಿನ ತೊರೆಗಳಿಂದಲೇ ಹೋದದ್ದು, ಮರಿ ಎಂದರೆ ರೆಪ್ಪೆಗೂದಲಿಗಿಂತ ಚಿಕ್ಕದು. ದಡ ಕಾಣದು, ನೆಲ ಮುಟ್ಟದು. ಆದರೂ ಮರಿಗಳು ಹರಿವಿಗೆ ಎದುರಾದವು. ಕೊಳವೆಯ ನಡುವೆ ನೀರು ಬಿರುಸು, ಗೋಡೆಯ ಬಳಿ ಮಂದ. ಹೀಗಾಗಿ ಮರಿಯ ಒಂದು ಪಕ್ಕೆಗೆ ಬಡಿಯುವ ನೀರಿಗೂ ಇನ್ನೊಂದು ಪಕ್ಕೆಗೆ ಬಡಿಯುವ ನೀರಿಗೂ ಕೂದಲೆಳೆಯ ಅಂತರ. ಆ ಅಂತರ ಕಡಿಮೆಯಾಗುತ್ತಿದ್ದರೆ ಮರಿ ನೇರ ಹೋಗುತ್ತದೆ, ಹೆಚ್ಚಾಗುತ್ತಿದ್ದರೆ ನೀರು ಸುತ್ತುವ ಕಡೆಗೆ ತಿರುಗುತ್ತದೆ. ಇಷ್ಟೇ ಸೂತ್ರ. ಈ ಸೂತ್ರವನ್ನು ಪಾಲಿಸುತ್ತ ಪಾಲಿಸುತ್ತ ಅದರ ಮುಖ ಮೇಲ್ಹರಿವಿಗೆ ಬಂದು ನಿಲ್ಲುತ್ತದೆ.

ಈಗ ಬೌದ್ಧ ಮುಗುಳ್ನಗುವ ಸರದಿ. ಹರಿವನ್ನು ಅರಿಯಲು ಹೊರಗೊಬ್ಬ ಸಾಕ್ಷಿ ಬೇಕಿಲ್ಲ. ಹರಿವಿನೊಳಗಿನ ಎರಡು ಎಳೆಗಳ ವ್ಯತ್ಯಾಸವೇ ಸಾಕು. ಆದರೆ ಆ ವ್ಯತ್ಯಾಸ ಹುಟ್ಟಿದ್ದಾದರೂ ಎಲ್ಲಿ? ಗೋಡೆ ಇಲ್ಲದಿದ್ದರೆ ಅದರ ಬಳಿಯ ನೀರು ಮಂದವಾಗುತ್ತಿರಲಿಲ್ಲ. ದಡವೇ ಕತ್ತಲೆಯಲ್ಲಿ ನೀರಿನ ಮೈಯೊಳಗೆ ತನ್ನ ಗುರುತು ಬರೆದು ಕಳಿಸಿದೆ. ನೂರಾರು ವರ್ಷ ಇಬ್ಬರೂ ಪಟ್ಟು ಬಿಡದ ವಾದದಲ್ಲಿ ಅರ್ಧ ಸೆಂಟಿಮೀಟರಿನ ಮರಿ ತೀರ್ಪು ಕೊಡಲು ಹೋಗುವುದಿಲ್ಲ. ದಡವನ್ನು ಕಾಣದೆಯೂ ದಡದ ಸುದ್ದಿಯಲ್ಲಿ ಬದುಕಬಹುದು ಎಂದಷ್ಟೇ ತೋರಿಸುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಹಳೆಯದು. ಈಜುವುದು ಮೀನೋ, ಈಜಿಸುವುದು ನೀರೋ? ಮಹಾಭಾರತವೂ ಇದನ್ನು ತನ್ನ ರೀತಿಯಲ್ಲಿ ಕೇಳಿದೆ. ಪುಣೆಯ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಹುಟ್ಟಿದ್ದು 1917ರಲ್ಲಿ. ದೇಶದ ಮೂಲೆಮೂಲೆಯ ತಾಳೆಗರಿ, ಕಾಗದದ ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ಮಹಾಭಾರತದ ಪಾಠ ನಿರ್ಣಯಿಸುವ ಕೆಲಸ ಅಲ್ಲಿ 1919ರಲ್ಲಿ ಶುರುವಾಗಿ 1966ರಲ್ಲಿ ಮುಗಿಯಿತು. ಆ ಗ್ರಂಥದ ಅನುಶಾಸನ ಪರ್ವದಲ್ಲಿ ಶರಶಯ್ಯೆಯ ಮೇಲಿನ ಭೀಷ್ಮನನ್ನು ಯುಧಿಷ್ಠಿರ ಕೇಳುತ್ತಾನೆ: ದೈವ ದೊಡ್ಡದೋ, ಪುರುಷಪ್ರಯತ್ನ ದೊಡ್ಡದೋ? ಭೀಷ್ಮ ಒಕ್ಕಲುತನದ ಭಾಷೆಯಲ್ಲಿ ಉತ್ತರಿಸುತ್ತಾನೆ. ಹೊಲವೂ ಬೇಕು, ಬೀಜವೂ ಬೇಕು. ಎರಡು ಕೂಡದೆ ಪೈರಿಲ್ಲ. ಉತ್ತರ ಜಾಣತನದ್ದು. ಆದರೂ ಓದುಗನಿಗೆ ಒಂದು ಸಂಶಯ ಉಳಿಯುತ್ತದೆ, ಇದರಲ್ಲಿ ಎಷ್ಟು ಪಾಲು ಯಾರದು?

ಈ ಪಾಲುಪಟ್ಟಿಯನ್ನು ನಿಜವಾಗಿಯೂ ಅಳೆಯಲು ಹೋದವರಿದ್ದಾರೆ. ಹರಿವಿನ ನಡುವೆ ಕಂಬ ನೆಟ್ಟರೆ ಅದರ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿಗಳು ಸಾಲಾಗಿ ಬಿಚ್ಚಿಕೊಳ್ಳುತ್ತವೆ. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಟ್ರೌಟ್ ಮೀನುಗಳು ಈ ಸುಳಿಸಾಲಿನಲ್ಲಿ ನಿಂತು, ಬಟ್ಟೆಯಂತೆ ಮೈ ಬಳುಕಿಸಿ, ಸುಳಿಯಿಂದ ಸುಳಿಗೆ ಒರಗುತ್ತಿದ್ದವು. ಸ್ನಾಯುಗಳಿಗೆ ತಂತಿ ಜೋಡಿಸಿ ನೋಡಿದಾಗ ಮುಂಭಾಗದ ಕೆಲವು ಸ್ನಾಯು ಬಿಟ್ಟು ಉಳಿದವು ಹೆಚ್ಚುಕಡಿಮೆ ಸುಮ್ಮನಿದ್ದವು. ಮೂರು ವರ್ಷ ಕಳೆದು ಆ ಸಂಶೋಧಕರೂ ಇರುವ ಗುಂಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸತ್ತ ಟ್ರೌಟೊಂದನ್ನು ದಾರಕ್ಕೆ ಕಟ್ಟಿ ಅದೇ ಸುಳಿಸಾಲಿನಲ್ಲಿ ಬಿಟ್ಟರು. ಮೆತ್ತಗಿನ ಮೈಗೆ ಸುಳಿಗಳ ಲಯ ಹೊಂದಿತು, ಬಾಲ ಬಡಿಯಿತು, ದಾರ ಸಡಿಲಾಯಿತು. ಸತ್ತ ಮೀನು ಹರಿವಿಗೆ ಎದುರಾಗಿ ಮುಂದೆ ಸರಿಯಿತು!

ಹರಿವಿನ ಜೊತೆ ಹೋಗುವುದು ಸತ್ತ ಮೀನು, ಎದುರು ಹೋಗುವುದು ಜೀವಂತ ಮೀನು ಎಂದು ವೇದಿಕೆಗಳಲ್ಲಿ ಕೇಳಿ ಕೇಳಿ ಸವೆದ ಮಾತಿಗೆ ಇದೊಂದು ಪೆಟ್ಟು. ಆದರೆ ಸತ್ತ ಮೀನು ಕಂಬದ ಹಿಂದಿನ ಆ ಜಾಗವನ್ನು ತಾನೇ ಹುಡುಕಿಕೊಂಡು ಹೋಗಲಿಲ್ಲ. ಮನುಷ್ಯರು ಒಯ್ದು ಇಟ್ಟರು. ಬದುಕಿರುವ ಮರಿಯ ಪುರುಷಪ್ರಯತ್ನವೆಲ್ಲ ಆ ಹುಡುಕಾಟದಲ್ಲಿದೆ. ಹತ್ತು ಪಟ್ಟು ವೇಗದ ಹೊಳೆಯೊಂದಿಗೆ ಅದು ಕುಸ್ತಿಗೆ ನಿಲ್ಲುವುದಿಲ್ಲ. ಗುಂಡುಕಲ್ಲಿನ ಹಿಂದೆ, ಬೇರಿನ ಅಡಿಯಲ್ಲಿ, ದಡದ ಹುಲ್ಲು ಬಾಗಿದ ಕಡೆ ನೀರು ತನ್ನಷ್ಟಕ್ಕೆ ತಾನೇ ದುರ್ಬಲವಾಗಿರುವ ಜಾಗ ಕಂಡುಕೊಳ್ಳುತ್ತದೆ. ಅಲ್ಲಿಂದ ಮುಂದಿನ ಕಲ್ಲಿಗೆ ಒಂದು ಜಿಗಿತ. ಹೊಳೆಯ ಬಲವೇ ಆ ನೆರಳನ್ನು ಮಾಡಿಕೊಟ್ಟಿದೆ.

ಇದಕ್ಕಿಂತ ವಿಚಿತ್ರ, ಕೆಳಗೆ ಇಳಿಯುವ ಮರಿಗಳ ನಡವಳಿಕೆ. ಇದನ್ನು ಬಹಳ ಹತ್ತಿರದಿಂದ ನೋಡಿರುವುದು ಅಮೆರಿಕದ ಕೊಲಂಬಿಯಾ ನದಿಯ ಅಣೆಕಟ್ಟುಗಳಲ್ಲಿ, ಸಮುದ್ರಕ್ಕೆ ಹೊರಟ ಸಾಲ್ಮನ್ ಮರಿಗಳಲ್ಲಿ. ನೀರು ಸಮವಾಗಿ ಹರಿಯುವಾಗ ಅವು ಹರಿವಿನೊಡನೆ ಮುಖ ಮುಂದಾಗಿ ಸಾಗಬಲ್ಲವು. ಆದರೆ ತೂಬಿನ ಬಾಯಿಯ ಹತ್ತಿರ ನೀರು ಏಕಾಏಕಿ ಬಿರುಸಾದ ಕಡೆ ಸರಕ್ಕನೆ ತಿರುಗುತ್ತವೆ. ಮುಖ ಮೇಲ್ಹರಿವಿಗೆ, ಬಾಲ ಕೆಳಹರಿವಿಗೆ. ಕೆಲಹೊತ್ತು ಹಾಗೇ ನಿಂತು, ಬೇಡವೆನಿಸಿದರೆ ಮೇಲಕ್ಕೆ ಹಿಂದಿರುಗುತ್ತವೆ. ಇಲ್ಲವೆ ಎದುರು ಈಜುತ್ತಲೇ ನೀರಿಗಿಂತ ನಿಧಾನವಾಗಿ ಬಾಲ ಮುಂದಾಗಿ ಕೆಳಗಿಳಿಯುತ್ತವೆ. ಸಣ್ಣ ಮಕ್ಕಳು ಅಟ್ಟದ ಏಣಿ ಇಳಿಯುವ ರೀತಿ. ಅಣೆಕಟ್ಟಿನ ಎಂಜಿನಿಯರುಗಳು ಮರಿಗಳಿಗೆಂದು ಪಕ್ಕದ ದಾರಿ ಕಟ್ಟಿದಾಗ ಅದರ ಬಾಯಿಯಲ್ಲಿ ನೀರು ಥಟ್ಟನೆ ಸೆಳೆಯದೆ ಹಂತಹಂತವಾಗಿ ವೇಗ ಪಡೆಯುವಂತೆ ನೋಡಿಕೊಳ್ಳಬೇಕಾದದ್ದು ಇದೇ ಕಾರಣಕ್ಕೆ. ಇನ್ನು ನಿಂತ ಜಲಾಶಯದಲ್ಲಿ ಮರಿಗಳಿಗೆ ತೊಂದರೆ ಬೇರೆ: ಸೆಳವು ಸಿಗದೆ ಪಯಣವೇ ತಡವಾಗುತ್ತದೆ.

ಜ್ಞಾನೋದಯದ ಬಳಿಕ ಬುದ್ಧ ಬೋಧಿಸಲು ಹಿಂಜರಿದನಂತೆ. ಈ ಧರ್ಮ ಹರಿವಿಗೆ ಎದುರು ಹೋಗುವಂಥದು, ಜನಕ್ಕೆ ಹಿಡಿಸುವುದು ಕಷ್ಟ ಎಂಬುದು ಕಾರಣ. ಅಂಗುತ್ತರ ನಿಕಾಯದಲ್ಲಿ ಹರಿವಿನೊಡನೆ ಹೋಗುವವರು, ಎದುರು ಹೋಗುವವರು, ನೆಲೆ ನಿಂತವರು, ದಾಟಿದವರು ಎಂದು ಮನುಷ್ಯರ ನಾಲ್ಕು ಬಗೆ ಬರುತ್ತದೆ. ಜೈನರ ದಶವೈಕಾಲಿಕದಲ್ಲೂ ಅನುಸ್ರೋತ ಸಂಸಾರ, ಪ್ರತಿಸ್ರೋತ ಅದರಿಂದ ಪಾರಾಗುವ ದಾರಿ. ಆದರೆ ಅದೇ ಬೌದ್ಧರು ಸಾಧನೆಯ ಮೊದಲ ಮೆಟ್ಟಿಲೇರಿದವನನ್ನು ಕರೆಯುವುದು ‘ಸೋತಾಪನ್ನ’ ಎಂದು. ಅಂದರೆ ಹರಿವಿಗೆ ಬಿದ್ದವನು! ಎದುರು ಹೋಗಬೇಕೋ, ಹರಿವಿಗೆ ಬೀಳಬೇಕೋ ಎಂದು ಗೊಂದಲಪಡುವ ಓದುಗನಿಗೆ ತೂಬಿನ ಬಾಯಲ್ಲಿ ತಿರುಗಿ ನಿಂತ ಮರಿ ಸ್ವಲ್ಪ ನೆರವಾಗುತ್ತದೆ. ಅದು ಹೋಗುತ್ತಿರುವುದು ಹರಿವಿನ ಜೊತೆಗೇ. ಆದರೆ ಹರಿವಿಗೆ ಬೆನ್ನು ಕೊಟ್ಟು ಅಲ್ಲ.

ಪುಣೆಯ ಕಥೆಗೆ ಹಿಂದಿರುಗಿದರೆ, ಇಲ್ಲಿ ಹರಿವನ್ನೇ ಹಿಡಿದು ತಿರುಗಿಸಲಾಗಿದೆ. ಪತಂಜಲಿಯ ಯೋಗಸೂತ್ರಕ್ಕೆ ಬರೆದ ಭಾಷ್ಯದಲ್ಲಿ ವ್ಯಾಸರು ಚಿತ್ತವನ್ನು ಎರಡು ದಿಕ್ಕಿಗೂ ಹರಿಯುವ ನದಿಗೆ ಹೋಲಿಸುತ್ತಾರೆ. ವೈರಾಗ್ಯ ಒಂದು ಕಡೆಯ ಹರಿವಿಗೆ ಕಟ್ಟೆ ಹಾಕುತ್ತದೆ, ವಿವೇಕದ ಅಭ್ಯಾಸ ಇನ್ನೊಂದು ಕಡೆಗೆ ಬಾಯಿ ತೆರೆಯುತ್ತದೆ. ನೀರಾವರಿ ಇಲಾಖೆಯ ಭಾಷೆ! ಲೋಣಾವಳದಲ್ಲಿ ಆ ಉಪಮೆ ನಿಜದ ನದಿಯೇ ಆಗಿದೆ. ಘಟ್ಟದ ನೆತ್ತಿಯಲ್ಲಿ ಹುಟ್ಟುವ ಇಂದ್ರಾಯಣಿಯ ಸಹಜ ದಾರಿ ಮೂಡಣಕ್ಕೆ: ಭೀಮೆ, ಕೃಷ್ಣೆ, ಬಂಗಾಳ ಕೊಲ್ಲಿ. ಟಾಟಾ ಕಂಪನಿ ವಳವಣದಲ್ಲಿ ಅದಕ್ಕೆ ಕಟ್ಟೆ ಹಾಕಿ, ನೀರನ್ನು ಪಡುವಣಕ್ಕೆ ತಿರುಗಿಸಿ, ಸುಮಾರು ಐನೂರು ಮೀಟರ್ ಕೆಳಗಿನ ಖೋಪೋಲಿಗೆ ಕೊಳವೆಯಲ್ಲಿ ಇಳಿಸಿತು. 1915ರಲ್ಲಿ ಖೋಪೋಲಿಯ ವಿದ್ಯುತ್ತು ಮುಂಬಯಿಯ ಗಿರಣಿಗಳಿಗೆ ಹರಿಯಿತು. ವಳವಣದ ಮೇಲೆ ಬಿದ್ದ ಮಳೆಗೆ ಈಗ ಎರಡು ಸಮುದ್ರ.

ಮುಠಾ ಹೊಳೆಗೆ ಖಡಕವಾಸಲಾದಲ್ಲಿ ಕಟ್ಟೆ ಬಿದ್ದದ್ದು ಅದಕ್ಕೂ ಮೊದಲು, ಹತ್ತೊಂಬತ್ತನೆಯ ಶತಮಾನದಲ್ಲೇ. ಅದೇ ಊರಿನಲ್ಲಿರುವ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದ ಬೇರು 1916ರದು. ಅಲ್ಲಿ ದೇಶದ ನದಿಗಳನ್ನು ಕುಗ್ಗಿಸಿ, ಸಿಮೆಂಟು ಮರಳಿನಲ್ಲಿ ಮಾದರಿ ಮಾಡಿ, ನೀರು ಎಲ್ಲಿ ಓಡುತ್ತದೆ, ಎಲ್ಲಿ ಸುಳಿಯುತ್ತದೆ ಎಂದು ಅಳೆಯುತ್ತಾರೆ. ಮರಿಮೀನು ಪಕ್ಕೆಯಿಂದ ಓದುವುದನ್ನು ಎಂಜಿನಿಯರು ಮಾಪಕದಿಂದ ಓದುತ್ತಾನೆ.

ಮಹಾಭಾರತದ ಶಾಂತಿಪರ್ವದಲ್ಲಿ, ಪಂಚತಂತ್ರದಲ್ಲೂ, ಮೂರು ಮೀನುಗಳ ಕಥೆಯಿದೆ. ಬೆಸ್ತರು ಕೊಳದ ನೀರು ಬಸಿಯತೊಡಗಿದಾಗ ಮುಂದಾಲೋಚನೆಯ ಮೀನು ಮೊದಲೇ ಕಾಲುವೆ ಹಿಡಿದು ಪಾರಾಗುತ್ತದೆ. ಸಮಯಸ್ಫೂರ್ತಿಯದು ಬಲೆಯಲ್ಲಿ ಉಪಾಯ ಹೂಡಿ ಉಳಿಯುತ್ತದೆ. ಆಗುವುದು ಆಗಲಿ ಎಂದದ್ದು ಸಾಯುತ್ತದೆ. ಪುರುಷಪ್ರಯತ್ನಕ್ಕೆ ಇದಕ್ಕಿಂತ ಒಳ್ಳೆಯ ನೀತಿಪಾಠ ಇಲ್ಲ ಎನ್ನುತ್ತಾರೆ. ಆದರೆ ಆ ಜಾಣ ಮೀನಿನ ಜಾಣತನ ಫಲಿಸಿದ್ದು ಕಾಲುವೆ ತೆರೆದಿದ್ದುದರಿಂದ. ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಹಾವುಮೀನನ್ನು ನೋಡಬೇಕು. ಸೈಕ್ಸ್ 1839ರಲ್ಲೇ ದಖ್ಖನ್ನಿನ ಹಾವುಮೀನಿಗೆ ಬೊಂಬಾಯಿಯ ಗವರ್ನರ್ ಆಗಿದ್ದ ಎಲ್ಫಿನ್‌ಸ್ಟನ್ನನ ಹೆಸರಿಟ್ಟಿದ್ದ. ಹಾವುಮೀನು ಹುಟ್ಟುವುದು ಸಮುದ್ರದಲ್ಲಿ. ಗಾಜಿನಂತೆ ಪಾರದರ್ಶಕವಾದ ಅದರ ಮರಿ ನದೀಮುಖ ಹೊಕ್ಕು, ಭರತದ ನೀರು ಒಳನುಗ್ಗುವಾಗ ಮೇಲೆದ್ದು ತೇಲಿ, ಇಳಿತದಲ್ಲಿ ತಳಕ್ಕಂಟಿ ಮುಂದೆ ಸಾಗುತ್ತದೆ. ಕೃಷ್ಣೆಯನ್ನು ಹತ್ತಿ, ರಾಯಚೂರಿನ ಬಳಿ ಭೀಮೆಗೆ ತಿರುಗಿ, ಯಾದಗಿರಿ, ಕಲಬುರಗಿ, ವಿಜಯಪುರದ ಸೀಮೆ ದಾಟಿ, ಪಂಢರಪುರದ ಮುಂದೆ ಹಾದು ಪುಣೆಯ ಹೊಳೆಗೆ ಬರಬೇಕು. ಸಾವಿರ ಕಿಲೋಮೀಟರಿಗೂ ಹೆಚ್ಚಿನ ವಾರಿ. ಇಂದು ಆ ದಾರಿಯಲ್ಲಿ ವಿಜಯವಾಡದ ಬ್ಯಾರೇಜು, 124 ಮೀಟರ್ ಎತ್ತರದ ನಾಗಾರ್ಜುನಸಾಗರ, ಶ್ರೀಶೈಲ, ಜುರಾಲಾ, 1980ರಲ್ಲಿ ಮುಗಿದ ಉಜನಿ ಇವೆ. ಒದ್ದೆ ಗೋಡೆಯನ್ನೂ ತೆವಳಿ ಹತ್ತಬಲ್ಲ ಮರಿ ಅದು. ಆದರೂ ಗೋಡೆಗೊಂದು ಮಿತಿ ಇರಬೇಕಲ್ಲ.

ಮೀನಿನ ವಿಷಯದಲ್ಲಿ ಭಕ್ತಿ ಸುಮ್ಮನೆ ಕುಳಿತಿಲ್ಲ ಎಂಬುದೂ ನಿಜ. ದೇಹೂವಿನ ಇಂದ್ರಾಯಣಿಯ ಮಡುವಿಗೆ ತುಕಾರಾಮರ ಹೆಸರಿನ ಪಾವಿತ್ರ್ಯವಿದೆ. ನೀರಿಗೆ ಹಾಕಿಸಿದ ಅವರ ಅಭಂಗಗಳ ಹಸ್ತಪ್ರತಿ 13 ದಿನಗಳ ನಂತರ ನೆನೆಯದೆ ಮೇಲೆ ಬಂದದ್ದು ಅಲ್ಲೇ ಎಂಬುದು ನಂಬಿಕೆ. ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ಭಕ್ತರು ಎರಚುವ ಮಂಡಕ್ಕಿಗೆ ಮುಗಿಬೀಳುವ ಮೀನುಗಳನ್ನು ನೋಡದ ಕನ್ನಡಿಗ ಕಡಿಮೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರನ ಮುಂದೆ ಹರಿಯುವ ಕಪಿಲೆಯ ಮಹಶೀರುಗಳು ದೇವರ ಮೀನು. 1996ರಲ್ಲಿ ಆ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರು ಅತ್ತಿತು. ಸತ್ತ ಮೀನುಗಳಿಗೆ ಅಲ್ಲೊಂದು ಸ್ಮಾರಕವಿದೆ. ಮೀನಿಗೆ ಸ್ಮಾರಕ ಕಟ್ಟಿದ ಜನರ ಭಕ್ತಿಯನ್ನು ಅಲ್ಲಗಳೆಯಲಾಗದು.

ಆದರೆ ಈ ಭಕ್ತಿ ಕಾಯುವುದು ಮಡುವನ್ನು. ಮೆಟ್ಟಿಲ ಕೆಳಗಿನ ನೂರು ಗಜ ನೀರಿನಲ್ಲಿ ಬಲೆ ಬೀಸಬಾರದು, ಗಾಳ ಹಾಕಬಾರದು. ಮೇಲಿನ ತೊರೆಯ ಗರಸನ್ನು ಲಾರಿಗೆ ತುಂಬಿದರೆ, ಕೆಳಗಿನ ಹೊಳೆಗೆ ಕಟ್ಟೆ ಬಿದ್ದರೆ, ಮಡುವಿನ ಕಟ್ಟಳೆಗೆ ಅದು ಸಂಬಂಧಿಸಿದ್ದಲ್ಲ. ಈಚಿನ ವರ್ಷಗಳಲ್ಲಿ ಆಳಂದಿಯ ಘಟ್ಟದ ಮುಂದೆ ಕಾರ್ಖಾನೆ, ಚರಂಡಿಗಳ ಕೊಳೆ ಬಿಳಿ ನೊರೆಯಾಗಿ ತೇಲಿ ಬಂದಾಗಲೂ ವಾರಕರಿಗಳು ಆ ನೊರೆಯನ್ನು ಕೈಯಲ್ಲಿ ಸರಿಸಿ ಮುಳುಗು ಹಾಕಿದ್ದಾರೆ. ಕ್ಷೇತ್ರಕ್ಕೆ ದೇವರಿದ್ದಾನೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ನಡುವಿನ ಹರಿವು ಅನಾಥ. ಬೆಳೆದ ಮೀನು ಮಡುವಿನಲ್ಲಿ ಮಂಡಕ್ಕಿ ತಿಂದು ಕೊಬ್ಬಬಹುದು. ಮರಿಗೆ ಬೇಕಾದದ್ದು ಆ ನಡುವಿನ ಹರಿವೇ.

ಹರಿವು ಹೋದ ಮೇಲೆ ಮನುಷ್ಯ ಮನುವಾಗಲು ಹೊರಟ. ಶತಪಥ ಬ್ರಾಹ್ಮಣದ ಕಥೆಯಲ್ಲಿ ಕೈ ತೊಳೆಯುತ್ತಿದ್ದ ಮನುವಿನ ಬೊಗಸೆಗೆ ಪುಟ್ಟ ಮೀನೊಂದು ಬರುತ್ತದೆ. ದೊಡ್ಡ ಮೀನು ನನ್ನನ್ನು ತಿನ್ನುತ್ತದೆ, ಕಾಪಾಡು ಎನ್ನುತ್ತದೆ. ಮನು ಅದನ್ನು ಮೊದಲು ಗಡಿಗೆಯಲ್ಲಿ, ಆಮೇಲೆ ಹೊಂಡದಲ್ಲಿ, ಕೊನೆಗೆ ಸಮುದ್ರದಲ್ಲಿ ಬಿಡುತ್ತಾನೆ. ಮಹಾಭಾರತದ ವನಪರ್ವದಲ್ಲಿ ಈ ಪಟ್ಟಿಗೆ ಗಂಗೆಯೂ ಸೇರಿದೆ. ಮರಿ ಸಾಕಿ ನೀರಿಗೆ ಬಿಡುವ ಕೇಂದ್ರಗಳ ಕ್ರಮ ಇದಕ್ಕಿಂತ ಬೇರೆಯಲ್ಲ. ಲೋಣಾವಳದ ಟಾಟಾ ಕೇಂದ್ರದಲ್ಲಿ ಸುಮಾರು 1970ರಿಂದ ಆಗಿರುವುದು ಇದೇ: ಜಲಾಶಯದಲ್ಲಿ ಹಿಡಿದ ಮಹಶೀರ್‌ಗಳ ಹೊಟ್ಟೆ ಮೃದುವಾಗಿ ಸವರಿ ಮೊಟ್ಟೆ ಇಳಿಸಿ, ತಟ್ಟೆಯಲ್ಲಿ ಮರಿ ಮಾಡಿ, ತೊಟ್ಟಿಯಲ್ಲಿ ಬೆಳೆಸಿ, ಬೆರಳುದ್ದವಾದ ಮೇಲೆ ಹೊಳೆಗೆ ಕಳಿಸುವುದು. ಖುದ್ರೀ ಮಹಶೀರಿನ ಮೊಟ್ಟೆ, ಮರಿಗಳ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಅಲ್ಲಿ ಸಿ.ವಿ. ಕುಲಕರ್ಣಿಯವರು ಮಾಡಿದ ಕೆಲಸದಿಂದ ಬಂದದ್ದು.

ಆ ಮರಿಗಳಲ್ಲಿ ಒಂದಷ್ಟು ಕರ್ನಾಟಕಕ್ಕೂ ಬಂದವು, ಕಾವೇರಿಗೆ ಸೇರಿದವು. ಕಾವೇರಿಯಲ್ಲಿ ಆಗಲೇ ಬೇರೊಂದು ಮಹಶೀರ್ ಇತ್ತು. ಬೆನ್ನು ಗೂನಾದ, ರೆಕ್ಕೆ ಕಿತ್ತಳೆಯಾದ ದೈತ್ಯ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡು ತೂಗಿತ್ತು. ಲೋಣಾವಳದ ನೀಲಿ ರೆಕ್ಕೆಯ ಮರಿಗಳು ಹೊಸ ಹೊಳೆಯಲ್ಲಿ ಚೆನ್ನಾಗಿ ಬಾಳಿದವು, ಹೆಚ್ಚಿದವು. ಗೂನುಬೆನ್ನಿನದು ಸದ್ದಿಲ್ಲದೆ ಇಲ್ಲವಾಗುತ್ತ ಬಂತು. ಅದು ಟಾರ್ ರೆಮಾದೇವಿ ಎಂದು ವಿಜ್ಞಾನಿಗಳು ನಿರ್ಣಯಿಸಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಕಟ್ಟಕಡೆಯ ಅಂಚಿಗೆ ಸರಿದಿತ್ತು. ಮನು ಕಾಪಾಡಿದ ಮೀನು ಅವನನ್ನು ಪ್ರಳಯದಿಂದ ಪಾರುಮಾಡಿತು. ಇಲ್ಲಿ ಕಾಪಾಡಿದ ಮೀನೇ ಇನ್ನೊಂದು ಮೀನಿಗೆ ಪ್ರಳಯಗಳಲ್ಲಿ ಒಂದಾಯಿತು. ಕಾಪಾಡಿದವರ ಕರುಣೆ ಸುಳ್ಳಲ್ಲ, ಪಾಪ ಯಾರ ಖಾತೆಗೆ ಎಂದು ಬರೆಯುವುದೂ ಸುಲಭವಲ್ಲ. ಹಿಂಸೆಯನ್ನು ಉದ್ದೇಶದಿಂದ ಅಳೆಯಬೇಕೋ ಫಲದಿಂದಲೋ ಎಂದು ಬೌದ್ಧರೂ ಜೈನರೂ ಶತಮಾನಗಟ್ಟಲೆ ಕಿತ್ತಾಡಿದ ಪ್ರಶ್ನೆ ಕಾವೇರಿಯ ನೀರಿನಲ್ಲಿ ಹೊಸದಾಗಿ ಎದ್ದು ನಿಂತಿದೆ.

ಮರಿಗಳನ್ನು ದೂರ ಸಾಗಿಸುವುದು ನೀರು ತುಂಬಿ, ಆಮ್ಲಜನಕ ಊದಿ, ಬಾಯಿ ಬಿಗಿದ ಪಾಲಿಥಿನ್ ಚೀಲದಲ್ಲಿ. ಲಯನ್‌ನ ಬಾಟಲಿಯ ಹಾಗೆಯೇ. ಒಳಗೆ ಹರಿವಿಲ್ಲ. ಆದರೆ ಇಲ್ಲಿ ಹೊರಗೆ ದಡವೂ ಕಾಣದು, ಲಾರಿಯ ಕುಲುಕಾಟ ಒಂದೇ. ಹೊಳೆ ಮುಟ್ಟಿದ ಮೇಲೆ ಚೀಲವನ್ನು ಬಾಯಿ ಬಿಚ್ಚದೆ ಸ್ವಲ್ಪ ಹೊತ್ತು ನೀರಿನಲ್ಲಿ ತೇಲಬಿಡುತ್ತಾರೆ, ಒಳಗಿನ ಹೊರಗಿನ ತಂಪು ಒಂದಾಗಲೆಂದು. ಆಮೇಲೆ ಬಿಚ್ಚಿ ಓರೆ ಮಾಡುತ್ತಾರೆ. ಮರಿಗಳು ಗುಂಪಾಗಿ ಸುರಿದು, ಗಾಬರಿಯಿಂದ ಚದುರಿ, ಒಂದೆರಡು ಮೊಳ ಕೆಳಕ್ಕೆ ಕೊಚ್ಚಿಕೊಂಡು ಹೋಗುತ್ತವೆ. ನಂತರ ಒಂದು, ಅದರ ಪಕ್ಕ ಇನ್ನೊಂದು, ಮೂತಿ ತಿರುಗಿಸುತ್ತವೆ. ಗುಂಡುಕಲ್ಲಿನ ಹಿಂದಿನ ಮಂದ ನೀರಿನಲ್ಲಿ ಏಳೆಂಟು ಸಾಲುಗಟ್ಟಿ ನಿಂತು ಬಾಲ ಬಡಿಯತೊಡಗುತ್ತವೆ. ಇಂದ್ರಾಯಣಿಯ ಕುಲದ ಮರಿಗಳು ಈಗ ತಲಕಾವೇರಿಯ ಕಡೆಗೆ ಮುಖ ಮಾಡಿವೆ.